ಮೆಹಂದಿ ಒಣಗುವ ಮೊದಲು

ಆಳಂದದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ನಾನು ವಿದ್ಯಾರ್ಥಿನಿಯರಿಗಾಗಿ ಅಣಕು ಮತದಾನವೊಂದನ್ನು ಏರ್ಪಡಿಸಿದೆ. ಅದರ ಮೇಲೆ ಯಾವ ಪಕ್ಷದ ನೆರಳೂ ಬೀಳಕೂಡದೆಂದು ಅಭ್ಯರ್ಥಿಗಳಾಗಿ ಎರಡು ಅಡುಗೆಗಳನ್ನು, ಪುಂಡಿಪಲ್ಯವನ್ನೂ ಎಣ್ಣೆಗಾಯಿಯನ್ನೂ, ನಿಲ್ಲಿಸಿದೆ. ಮತ ಹಾಕಿದವರು ಪಕ್ಕದ ಮೇಜಿನಲ್ಲಿ ನಿಜವಾದ ಮತದಾರರ ಪಟ್ಟಿಗೆ ಅರ್ಜಿ ತುಂಬಿ ಸಹಿ ಹಾಕಬೇಕಿತ್ತು. ಅಂದೇ ಕೊನೆಯ ದಿನ. ಅರ್ಜಿ ಪಡೆಯಲು ಬಂದಿದ್ದ ಅಂಗನವಾಡಿ ಕಾರ್ಯಕರ್ತೆ ಸಂಜೆ ನಾಲ್ಕಕ್ಕೆ ಎದ್ದು ಹೊರಡುವವರು.

ನನಗೆ ಮುಖ್ಯವಾಗಿ ಬೇಕಿದ್ದುದು ನೆಲೋಗಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿಯ ಅರ್ಜಿ. 'ಗಂಡನ ಮನೀಗಿ ಹೋದ ಮ್ಯಾಲ ಹೆಸರು ಹಚ್ಚಿದ್ರಾತು' ಎಂದು ಅವಳ ಮನೆಯವರು ಹೇಳಿದ್ದರು. ಇದನ್ನು ಅನ್ಯಾಯವೆಂದು ಕರೆಯಲು ನಾನು ಹಿಂಜರಿದವಳಲ್ಲ. ಮೂರು ತರಗತಿಗಳಲ್ಲಿ ಕರೆದಿದ್ದೆ.

ಬೆರಳಿಗೆ ಹಚ್ಚುವ ಶಾಯಿ ಎಲ್ಲಿಯೂ ಸಿಗಲಿಲ್ಲ. ಮೆಹಂದಿಯಾದೀತೆಂದು ನಾನೇ ಸೂಚಿಸಿದೆ. ಮುಂದಿನ ಅನಾಹುತಗಳ ಮೂಲ ಇದೇ ಆದ್ದರಿಂದ ದಾಖಲಿಸುತ್ತಿದ್ದೇನೆ. ನೆಲೋಗಿಯ ಹುಡುಗಿಯ ಕೈಚಳಕ ಹಾಸ್ಟೆಲಿಗೆಲ್ಲ ಗೊತ್ತಿತ್ತು. ಮೆಹಂದಿಯ ಕೋನ್ ಅವಳಿಗೆ ಕೊಟ್ಟು, ಎಡಗೈ ಬೆರಳಿಗೊಂದು ಚುಕ್ಕೆ ಸಾಕೆಂದೆ.

ಮೊದಲ ಮತದಾರಳೇ ಅಂಗೈ ಚಾಚಿದಳು. "ಒಂದ್ ಚುಕ್ಕಿ ಇಟ್ಕೊಂಡ್ ಊರಿಗಿ ಹೋದ್ರ ನಗ್ತಾರಬೇ. ಪೂರಾ ಹಾಕು."

ಸರದಿ ಮೆಟ್ಟಿಲಿಳಿದು ಅಂಗಳ ಸೇರಿತು. ನಾನು ತಪ್ಪುಗಳನ್ನು ಒಂದೊಂದಾಗಿ ಹೆಸರಿಸುತ್ತ ಓಡಾಡಿದೆ: ಬಲಗೈಗೆಂದು ಎರಡನೆಯ ಸಲ ಬಂದದ್ದು, ಮತಗಟ್ಟೆಯೊಳಗೇ ಎಣ್ಣೆಗಾಯಿಯನ್ನು ಹೊಗಳಿದ್ದು. ಒಬ್ಬಳ ಅಂಗೈಯಲ್ಲಿ ಕಮಲ ಅರಳುತ್ತಿತ್ತು.

"ಅಳಿಸು! ಅದು ಚುನಾವಣಾ ಚಿಹ್ನೆ!"

"ಅಳಸ್ತೇನ್ರಿ ಮೇಡಂ. ಆಮ್ಯಾಲ ಬರೇ ಕೈ ಉಳೀತದ. ಅದನ್ನೆಲ್ಲಿ ಇಡ್ಲಿರಿ?"

ನಿಷ್ಪಕ್ಷಪಾತವನ್ನು ಕುರಿತು ಓದಿದ್ದ ಪುಸ್ತಕಗಳನ್ನೆಲ್ಲ ನೆನೆದು, ಅದನ್ನು ದುಪಟ್ಟಾದೊಳಗೆ ಇಟ್ಟುಕೊಳ್ಳಲು ಹೇಳಿದೆ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅರ್ಜಿಗಳನ್ನು ಎಣಿಸಿದೆ. ನೆಲೋಗಿಯ ಹುಡುಗಿಯದು ಭರ್ತಿಯಾಗಿತ್ತು, ಸಹಿ ಇರಲಿಲ್ಲ. ತಿರುಗಿ ನೋಡಿದರೆ ಅವಳು ಎರಡೂ ಕೈಗಳನ್ನು ಗಾಳಿಗೆ ಹಿಡಿದು ನಿಂತಿದ್ದಳು. ದಿನವಿಡೀ ದುಡಿದವಳ ಋಣ ತೀರಿಸಲೆಂದು ಗೆಳತಿಯರು ಅವಳಿಗೆ ಮೊಣಕೈವರೆಗೆ ಹಾಕಿಬಿಟ್ಟಿದ್ದರು.

"ನಾಡಿದ್ದ ಅಕ್ಕನ ಮದ್ವಿರಿ," ಎಂದಳು. "ಈಗ ತೊಳದ್ರ ರಂಗ ಏರಂಗಿಲ್ಲ."

"ಹೆಬ್ಬಟ್ಟು ಒತ್ತಿಸ್ರಿ, ನಡೀತದ," ಎಂದರು ಅಂಗನವಾಡಿಯವರು.

ಪದವಿ ಓದುವ ಹೆಣ್ಣುಮಗಳು ಹೆಬ್ಬೆಟ್ಟೊತ್ತುವುದೇ! ಅಕ್ಷರದಿಂದ ವಂಚಿತರಾದ ನಮ್ಮ ಅಜ್ಜಿಯರಿಂದ ಭಾಷಣ ಆರಂಭಿಸಿದೆ.

"ಮೇಡಂ, ನೀವು ಅಜ್ಜಿಯಿಂದ ಇಲ್ಲೀತನ ಬರೂದ್ರಾಗ ನಾಲ್ಕ್ ಹೊಡೀತದ್ರಿ," ಎಂದು ಅಂಗನವಾಡಿಯವರು ಹೊರಡಲು ಚೀಲಕ್ಕೆ ಕೈಹಾಕಿದರು.

ನಾನು ಬಾಯಿ ಮುಚ್ಚುವಷ್ಟರಲ್ಲಿ ಹುಡುಗಿ ನಲ್ಲಿಯ ಬಳಿ ಇದ್ದಳು. ಬಲಗೈಯನ್ನಷ್ಟೇ ತೊಳೆದು ಬಂದು, ನೀರು ತೊಟ್ಟಿಕ್ಕುವ ಬೆರಳುಗಳಿಂದಲೇ ತನ್ನ ಪೂರ್ಣ ಹೆಸರು ಬರೆದಳು.

ಪುಂಡಿಪಲ್ಯ ಗೆದ್ದಿತು, ಯಾರೂ ಕೇಳಲಿಲ್ಲ.

ಮದುವೆ ಮುಗಿಸಿ ಬಂದವಳ ಎಡಗೈ ಕಡುಗೆಂಪಾಗಿತ್ತು, ಬಲಗೈ ತೆಳು ಕಿತ್ತಳೆ. ಬೀಗರು ನಕ್ಕರಂತೆ. ಎರಡನ್ನೂ ತೊಳೆದಿದ್ದರೆ ಒಂದೇ ಬಣ್ಣವಾದರೂ ಇರುತ್ತಿತ್ತಲ್ಲ ಎಂದೆ.

"ಸಹಿಗಿ ಒಂದ್ ಕೈ ಸಾಕಲ್ರಿ ಮೇಡಂ," ಎಂದಳು. "ಇನ್ನೊಂದ್ ಅಕ್ಕಂದು."