ಐಸಮ್ಮ ನೋಡಿದ ಮಾಸು

ಏಳನೇ ತಿಂಗಳಲ್ಲಿ ನನ್ನ ಕಣ್ಣ ಮುಂದೆ ಬೆಳ್ಳಿ ಚುಕ್ಕಿಗಳು ತೇಲತೊಡಗಿದವು. ಹೊಲಿಗೆ ಮಿಷನ್ನಿಗೆ ದಾರ ಪೋಣಿಸುವಾಗ ಅವು ಸೂಜಿಯ ಸುತ್ತ ಕುಣಿಯುತ್ತಿದ್ದವು. ತಲೆ ಭಾರ. ಪಾದ ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಹಗಲಿನಲ್ಲೇ ಕನಸಿನೊಳಗೆ ಓಡಾಡಿದಂತೆ, ನಿಜ ಹೇಳಬೇಕೆಂದರೆ, ಚೆಂದವೇ ಅನಿಸುತ್ತಿತ್ತು. ಅದು ಕಾಯಿಲೆ ಎಂದು ಯಾರಿಗೆ ಗೊತ್ತು?

ಹೊಟ್ಟೆ ಮಾತ್ರ ಬೆಳೆಯಲಿಲ್ಲ.

ನಮ್ಮೂರು ಕಡಬದಲ್ಲಿ ಹೆರಿಗೆ ಮಾಡಿಸುತ್ತಿದ್ದ ಐಸಮ್ಮ ಮುಟ್ಟಿ ನೋಡಿ, "ಮಗು ಸಣ್ಣ ಉಂಟು ಮಗಾ. ಒಮ್ಮೆ ಪುತ್ತೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸು" ಎಂದರು. ಅತ್ತೆ ಒಪ್ಪಲಿಲ್ಲ. "ಸಣ್ಣ ಮಗುವಾದ್ರೆ ಹೆರಿಗೆ ಸುಲಭ. ಬಸ್ಸಲ್ಲಿ ಕುಲುಕಿಕೊಂಡು ಹೋಗುದು ಎಂತಕ್ಕೆ?" ನಾನೂ ಸುಮ್ಮನಾದೆ.

ದಿನ ತುಂಬುವ ಮೊದಲೇ, ಒಂದು ಮಧ್ಯಾಹ್ನ, ಹೆರಿಗೆಯಾಯಿತು.

ಮಗು ಅಳಲಿಲ್ಲ.

ಐಸಮ್ಮ ಅದರ ಬಾಯಿ ಒರೆಸಿದರು, ಬೆನ್ನು ತಿಕ್ಕಿದರು, ಮತ್ತೆ ಮತ್ತೆ ತಿಕ್ಕಿದರು. ಎಲ್ಲವೂ ನೀರಿನ ಅಡಿಯಿಂದ ನೋಡಿದ ಹಾಗೆ ನೆನಪು. ಅವರ ಬಳೆಯ ಸದ್ದು ದೂರ ಎಲ್ಲಿಂದಲೋ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯಂಥ ಒಂದು ದನಿ. ಹೆಣ್ಣು. ಮಡಚಿದ ಸೀರೆಯಷ್ಟು ಹಗುರ. ಲಲಿತೆ ಎಂದು ಹೆಸರಿಟ್ಟೆವು.

ವರ್ಷ ತುಂಬುತ್ತ ಬಂದರೂ ಅವಳ ಕತ್ತು ನಿಲ್ಲಲಿಲ್ಲ. ಬಲಗೈಯ ಮುಷ್ಟಿ ಬಿಚ್ಚಲಿಲ್ಲ. ಎತ್ತಿಕೊಂಡರೆ ಕಾಲುಗಳು ಕತ್ತರಿಯಂತೆ ಬಿಗಿಯುತ್ತಿದ್ದವು. "ಆ ಐಸಮ್ಮನ ಕೈ ತಪ್ಪಿದ್ದು" ಎಂದು ಅತ್ತೆ ಬಾವಿಕಟ್ಟೆಯಲ್ಲಿ ಹೇಳಿದರು. ಮಾತು ಹಬ್ಬಿತು. ಐಸಮ್ಮನನ್ನು ಹೆರಿಗೆಗೆ ಕರೆಯುವವರೇ ಇಲ್ಲವಾದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತಪ್ಪು ಬೇರೆ ಯಾರದೋ ಎಂದುಕೊಂಡರೆ ನನ್ನ ಎದೆ ಹಗುರವಾಗುತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಪುತ್ತೂರಿಗೆ ಹೋದೆವು. ಅಲ್ಲಿಯ ಡಾಕ್ಟ್ರಮ್ಮ ಲಲಿತೆಯನ್ನು ನೋಡಿದ ಮೇಲೆ ನನ್ನನ್ನೇ ಹೆಚ್ಚು ವಿಚಾರಿಸಿದರು. ಚುಕ್ಕಿ, ಪಾದದ ಬಾವು, ಎಲ್ಲ ಹೇಳಿದೆ.

"ಬ್ಲಡ್ ಪ್ರೆಶರ್ ಏರಿತ್ತು ಕಾಣ್ತದೆ. ಪ್ಲಾಸೆಂಟಾ ಹೇಗಿತ್ತು? ಮಾಸು, ಮಾಸು."

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ.

ಮರುದಿನ ನಾನೂ ನನ್ನ ಗಂಡನೂ ಐಸಮ್ಮನ ಮನೆಗೆ ಹೋದೆವು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ವಿಷಯ ಕೇಳಿದ್ದೇ, ತಲೆಗೆ ಬಟ್ಟೆ ಎಳೆದುಕೊಂಡು ನಮ್ಮ ಜೊತೆ ಪುತ್ತೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಲಲಿತೆ ಅವರ ಮಡಿಲಲ್ಲೇ ನಿದ್ರಿಸಿದಳು.

"ಸಣ್ಣ ಇತ್ತು ಅಮ್ಮಾ, ನನ್ನ ಅಂಗೈಯಷ್ಟು" ಎಂದರು ಐಸಮ್ಮ ಡಾಕ್ಟ್ರಮ್ಮನಿಗೆ. "ಅಲ್ಲಲ್ಲಿ ಬಿಳಿ, ಗಟ್ಟಿ. ಅಂಥದ್ದು ನಾನು ನೋಡಿದ್ದು ಕಡಿಮೆ."

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. "ಹೊಟ್ಟೆಯಲ್ಲಿರುವ ಮಗುವಿಗೆ ಆಹಾರ, ಉಸಿರು ಎಲ್ಲ ಮಾಸಿನಿಂದಲೇ ಹೋಗುದು. ಅದು ಕೆಟ್ಟರೆ ಮಗು ಬೆಳೆಯುದಿಲ್ಲ, ಮೆದುಳಿಗೂ ಪೆಟ್ಟಾಗಬಹುದು. ಇವಳಿಗೆ ಹೆರಿಗೆಗೆ ಮೊದಲೇ ಆಗಿರಬೇಕು. ಖಂಡಿತ ಹೇಳ್ಲಿಕ್ಕೆ ಬರುದಿಲ್ಲ. ಆದ್ರೆ ಇವರ ಕೈಯ ತಪ್ಪಲ್ಲ. ಉಸಿರು ಬರಿಸಿದ್ದೇ ಇವರು."

"ನನ್ನ ತಪ್ಪಾ?" ಎಂದು ಕೇಳಿದೆ.

"ನಿಮ್ಮದೂ ಅಲ್ಲ."

ಐಸಮ್ಮ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಮೆದುಳಿನ ಆ ಗಾಯ ಮಾಯುವುದಿಲ್ಲವಂತೆ. ಕೈಕಾಲು ಮೆಲ್ಲಗೆ ಆಡಿಸುವ ಕ್ರಮವನ್ನು ಡಾಕ್ಟ್ರಮ್ಮ ಕಲಿಸಿಕೊಟ್ಟರು. ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋದರು.

ಈಗ ಲಲಿತೆಗೆ ಎರಡೂವರೆ ವರ್ಷ. ಆನಿಸಿ ಕೂರಿಸಿದರೆ ಕೂರುತ್ತಾಳೆ. ನಡೆಯುತ್ತಾಳೋ ಇಲ್ಲವೋ, ತಿಳಿಯದು. ಬೆಳಗಿನ ಬಿಸಿಲು ಮುಖಕ್ಕೆ ಬಿದ್ದರೆ, ನಮಗೆ ಕಾಣದ್ದೇನನ್ನೋ ಕಂಡಂತೆ ನಗುತ್ತಾಳೆ. ಅದನ್ನು ನೋಡುತ್ತ ಕೈಯ ಕೆಲಸ ಮರೆತು ಕೂರುತ್ತೇನೆ. ಅಷ್ಟು ಹೊತ್ತು ನನಗೆ ಏನೂ ಬೇಡ.

ಮೊನ್ನೆ ಅತ್ತೆಯೇ ಐಸಮ್ಮನಿಗೆ ಹೇಳಿಕಳಿಸಿದರು. ಜಗಲಿಯಲ್ಲಿ ಚಾಪೆ ಹಾಸಿ ತಾವು ನಿಂತೇ ಇದ್ದರು.

"ನನ್ನ ಬಾಯಿಂದ ನಿಮಗೆ ಅನ್ಯಾಯ ಆಯ್ತು ಐಸಮ್ಮಾ."

ಐಸಮ್ಮ ಚಾಪೆಯ ಮೇಲೆ ಕುಳಿತು ಎರಡೂ ಕೈ ಚಾಚಿದರು.

"ಆಯ್ತು. ಮಗುವನ್ನು ಇಲ್ಲಿ ಕೊಡಿ."