ಮೂರು ವರ್ಷದವರೆಗಿನ ಗಾಡಿ

ಪಾರ್ಕಿಗೆ ಹೋಗೋಣ ಎಂದು ಮೊದಲು ಬಾಯಿಬಿಟ್ಟವನು ನನ್ನ ಮೈದುನ. ಬೇಸಿಗೆ ರಜೆಯಲ್ಲಿ ಒಂದು ದಿನ ಕೆರಗೋಡಿನಿಂದ ಫೋನ್ ಮಾಡಿದ. ಅವನ ಮಗನಿಗೆ ಆರು ತುಂಬುತ್ತಿತ್ತು. ಬೆಂಗಳೂರು ದಾರಿಯಲ್ಲಿರುವ ದೊಡ್ಡ ಆಟದ ಪಾರ್ಕಿಗೆ ಎರಡೂ ಮನೆಯವರು ಒಟ್ಟಿಗೆ ಹೋಗಿಬರಬೇಕು ಎನ್ನುವುದು ಅವನ ಆಸೆ. ನಾನು ಯಾರದೋ ರವಿಕೆಗೆ ಕೊಕ್ಕೆ ಹೊಲಿಯುತ್ತ ಕೂತಿದ್ದೆ. ‘ಆಗ್ಲಿ ಬುಡು, ಬತ್ತೀವಿ’ ಎಂದು ಫೋನ್ ಇಟ್ಟೆ. ಆಮೇಲೆ ಅದೇ ಕೊಕ್ಕೆಯನ್ನು ಮೂರು ಸಲ ಬಿಚ್ಚಿ ಹೊಲಿದೆ.

ನನ್ನ ಮಗಳಿಗೂ ಆರು ವರ್ಷ. ಅವನ ಮಗನಿಗಿಂತ ಎರಡು ತಿಂಗಳಿಗೆ ದೊಡ್ಡವಳು. ಅವಳು ನಿಲ್ಲುವುದಿಲ್ಲ. ನಡೆಯುವುದಿಲ್ಲ ಎಂದರೆ ಜನ ಇವತ್ತಲ್ಲ ನಾಳೆ ನಡೆದಾಳು ಅಂದುಕೊಳ್ಳುತ್ತಾರೆ, ಅದಕ್ಕೇ ನಿಲ್ಲುವುದಿಲ್ಲ ಅಂತಲೇ ಹೇಳುತ್ತೇನೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಸೊಂಟದಿಂದ ಕೆಳಗೆ ಬಲ ಬರಲೇ ಇಲ್ಲ, ಬರುವುದೂ ಇಲ್ಲ. ಬಾಯಿ ಮಾತ್ರ ಊರಗಲ. ಮಂಡ್ಯದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷಿನ್ನಿನ ಪಕ್ಕ ಚಾಪೆಯ ಮೇಲೆ ಕೂತು, ಬಟ್ಟೆ ಕೊಡಲು ಬಂದವರನ್ನೆಲ್ಲ ಅವಳೇ ವಿಚಾರಿಸಿಕೊಳ್ಳುತ್ತಾಳೆ.

ಅಲ್ಲಿಯವರೆಗೆ ಎಲ್ಲಿಗೆ ಹೋದರೂ ಸೊಂಟದ ಮೇಲೆ ಎತ್ತಿಕೊಂಡೇ ಹೋಗುತ್ತಿದ್ದೆ. ಆದರೆ ಇಡೀ ದಿನ ಪಾರ್ಕು ಸುತ್ತಲು ನನ್ನ ಸೊಂಟ ಒಪ್ಪುತ್ತಿರಲಿಲ್ಲ. ಸಂಜೆ ಡಿಪೋದಿಂದ ಬಂದ ಗಂಡನಿಗೆ ಹೇಳಿದೆ. ಅವರು ಬಸ್ ರಿಪೇರಿ ಮಾಡುವ ಮೆಕ್ಯಾನಿಕ್. ಕೈ ತೊಳೆಯುತ್ತ ತೊಳೆಯುತ್ತಲೇ ತೀರ್ಮಾನ ಕೊಟ್ಟರು.

‘ವೀಲ್‌ಚೇರ್ ತಗಳಾನ. ಡಾಕ್ಟ್ರು ಏಳಿ ಎಷ್ಟ್ ದಿನ ಆಯ್ತು.’

‘ವೀಲ್‌ಚೇರ್ ಇರೋದು ಆಸ್ಪತ್ರೇಲಿ. ತಳ್ಳೋ ಗಾಡಿ ತಗಳಾನ, ಮಕ್ಕಳದು.’

‘ಅವ್ಳಿಗೆ ಆರು ವರ್ಸ ಕಣೇ.’

‘ಗೊತ್ತು ಕಣ್ರೀ ನಂಗೆ!’ ಎಂದು ಕೂಗಿದೆ. ಅವರು ಟವೆಲ್ ಹುಡುಕುತ್ತ ಒಳಗೆ ಹೋದರು.

ನನ್ನ ಹಟಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮುತ್ತತ್ತಿಗೆ ಹೋಗಿದ್ದೆವು. ಗಂಡ ಹೊಳೆಗೆ ಇಳಿದಿದ್ದರು. ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದೇವಸ್ಥಾನದ ಹೊರಗೆ ನೆರಳಿನಲ್ಲಿ ಕೂತಿದ್ದೆ. ದರ್ಶನ ಮುಗಿಸಿ ಬಂದ ಒಬ್ಬ ಹೆಂಗಸು ಮಗಳ ಕಾಲನ್ನು ನೋಡಿ ನಿಂತಳು. ‘ಪಾಪ’ ಅಂದಳು. ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯ ನೋಟನ್ನು ಮಗಳ ಮುಷ್ಟಿಗೆ ತುರುಕಿ, ಕೈಮುಗಿದು ಹೋದಳು. ನಾನು ಅವತ್ತು ಒಳ್ಳೆಯ ಸೀರೆಯನ್ನೇ ಉಟ್ಟಿದ್ದೆ. ‘ಯಾರಮ್ಮ ಅವ್ರು, ನಮ್ ನೆಂಟ್ರಾ?’ ಎಂದು ಮಗಳು ಖುಷಿಯಿಂದ ಕೇಳಿದಳು. ಹೌದು ಅಂದೆ.

ತಳ್ಳುಗಾಡಿಯಲ್ಲಿರುವ ಮಗುವನ್ನು ನೋಡಿ ಯಾರೂ ಪಾಪ ಅನ್ನುವುದಿಲ್ಲ. ಬಗ್ಗಿ ನೋಡಿ ನಗುತ್ತಾರೆ, ಕೆನ್ನೆ ಮುಟ್ಟಿ ಮುಂದೆ ಹೋಗುತ್ತಾರೆ. ನನಗೆ ಅದು ಬೇಕಿತ್ತು. ಒಂದೇ ಒಂದು ದಿನ ನಾನು ಎಲ್ಲರಂಥ ತಾಯಿಯಾಗಿ, ಎಲ್ಲರಂಥ ಮಗುವನ್ನು ತಳ್ಳಿಕೊಂಡು, ಎಲ್ಲರ ನಡುವೆ ಹೋಗಬೇಕಿತ್ತು.

ಮೊದಲು ಮಳವಳ್ಳಿಗೆ, ನನ್ನ ಅಕ್ಕನ ಮನೆಗೆ ಹೋದೆವು. ಅವಳ ಮಕ್ಕಳ ಗಾಡಿ ಅಟ್ಟದ ಮೇಲಿತ್ತು. ಇಳಿಸಿ, ಧೂಳು ಹೊಡೆದು ಮಗಳನ್ನು ಕೂರಿಸಿದೆ. ಮೊಣಕಾಲು ಗಲ್ಲಕ್ಕೆ ಬಂತು. ‘ಅಮ್ಮ, ನಾನು ಕಾವಿಗೆ ಕುಂತಿರೋ ಕೋಳಿ ಥರ ಇವ್ನಿ’ ಎಂದು ಅವಳೇ ನಕ್ಕಳು. ಅಕ್ಕ ನಗಲಿಲ್ಲ, ಕಾಫಿ ಮಾಡುತ್ತೇನೆಂದು ಒಳಗೆ ಹೋದಳು. ಆಮೇಲೆ ಮದ್ದೂರಿನ ಒಂದು ಮನೆಯಲ್ಲಿ ಹಳೆಯದೊಂದು ಮಾರಾಟಕ್ಕಿದೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ ಹೋದೆವು. ಗಾಡಿ ಅಗಲವಾಗಿತ್ತು, ಚೆನ್ನಾಗಿಯೇ ಇತ್ತು. ಆ ಮನೆಯಾಕೆ ಗಾಡಿ ತೋರಿಸುವುದನ್ನು ಬಿಟ್ಟು ಮಗಳನ್ನೇ ನೋಡಿದಳು. ‘ಇಷ್ಟು ದೊಡ್ ಮಗೀಗಾ? ಯಾಕೆ, ಏನಾಗದೆ?’ ಅಂದಳು. ನಾನು ಮಗಳನ್ನೆತ್ತಿಕೊಂಡು ಬಸ್ ಸ್ಟ್ಯಾಂಡಿಗೆ ವಾಪಸು ಬಂದೆ. ಅರ್ಧ ದಾರಿಗೆ ಸೊಂಟ ಹಿಡಿದುಕೊಂಡಿತು.

ಮೂರನೆಯ ಸಲ ಮಗಳನ್ನು ಕರೆದುಕೊಂಡು ಹೋಗಲಿಲ್ಲ, ಅಳತೆ ತೆಗೆದುಕೊಂಡು ಹೋದೆ. ಚಾಪೆಯ ಮೇಲೆ ಮಲಗಿಸಿ ಟೇಪು ಹಿಡಿದು ಬೆನ್ನು, ತೊಡೆ, ಮೊಣಕಾಲಿನಿಂದ ಪಾದ, ಹೀಗೆ ಒಂದೊಂದಾಗಿ ಅಳೆದು ಗಿರಾಕಿಗಳ ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ದರ್ಜಿಯ ಬುದ್ಧಿ, ನಮಗೆ ಮನುಷ್ಯರೆಲ್ಲ ತುಂಡು ತುಂಡಾಗಿಯೇ ಕಾಣುತ್ತಾರೆ. ಆ ಮೂರನ್ನೂ ಕೂಡಿಸಿದರೆ ಎಷ್ಟಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಮಂಡ್ಯದ ಪೇಟೆಯಲ್ಲಿ ಮಕ್ಕಳ ಸಾಮಾನಿನ ಅಂಗಡಿ. ‘ಪಾಪೂಗೆ ಎಷ್ಟು ತಿಂಗಳಕ್ಕ?’ ಎಂದು ಅಂಗಡಿಯಾತ ಕೇಳಿದ. ‘ಮೂರು ವರ್ಷ’ ಅಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂದು ನನಗೇ ಆಶ್ಚರ್ಯವಾಯಿತು. ಅವನು ಸಾಲಾಗಿ ಗಾಡಿಗಳನ್ನು ಬಿಚ್ಚಿ ತೋರಿಸಿದ. ಒಂದಕ್ಕೆ ಗೊಂಬೆ, ಒಂದಕ್ಕೆ ಹಾಲಿನ ಬಾಟಲಿ ಇಡುವ ಜಾಗ, ಒಂದು ಕೊಡೆಯಷ್ಟೇ ಚಿಕ್ಕದಾಗಿ ಮಡಚುವಂಥದ್ದು. ನಾನು ಟೇಪು ತೆಗೆದು ಸೀಟನ್ನು ಅಳೆಯತೊಡಗಿದೆ. ಅವನು ನಕ್ಕ. ‘ಬಟ್ಟೆ ಹೊಲಿಯಕ್ಕಾ ಇದ್ಕೆ?’ ಅಂದ. ಕೊನೆಗೆ ಕಡುನೀಲಿಯದೊಂದನ್ನು ಆರಿಸಿದೆ. ಅದರ ಬಿಸಿಲುಮರೆ ಉಳಿದವಕ್ಕಿಂತ ಉದ್ದವಾಗಿತ್ತು, ಎಳೆದರೆ ಮಗುವಿನ ಎದೆಯವರೆಗೆ ಮುಚ್ಚುತ್ತಿತ್ತು. ಅದಕ್ಕಾಗಿಯೇ ತೆಗೆದುಕೊಂಡೆ. ಚೀಟಿಯಲ್ಲಿ ಮೂರು ವರ್ಷದವರೆಗೆ, ಹದಿನೈದು ಕೆಜಿಯವರೆಗೆ ಎಂದಿತ್ತು. ಮಗಳು ಹದಿನಾಲ್ಕೂವರೆ ಇದ್ದಳು. ಅದನ್ನು ನೋಡಿ ದೇವರೇ ನನ್ನ ಕಡೆಗಿದ್ದಾನೆ ಅಂದುಕೊಂಡೆ.

ಮನೆಗೆ ತಂದು ಖಾಲಿ ಗಾಡಿಯನ್ನು ನಡುಮನೆಯಲ್ಲಿ ಅತ್ತ ಇತ್ತ ತಳ್ಳಿ ನೋಡುತ್ತಿದ್ದೆ. ನಮ್ಮತ್ತೆ ಅಡುಗೆಮನೆಯಿಂದ ಓಡಿ ಬಂದರು.

‘ಬರೀ ತೊಟ್ಟಿಲು ತೂಗ್ತಾರಾ ಯಾರಾರ? ನಿಲ್ಸಮ್ಮಿ!’

‘ತೊಟ್ಟಿಲಲ್ಲ ಅತ್ತೆ, ಗಾಡಿ.’

‘ಮಗ ಮನಗದು ಅಂದ್ರೆ ತೊಟ್ಟಿಲೇ ಕಣಮ್ಮಿ.’

ಹೋಗಿ ಗುಂಡುಕಲ್ಲು ತಂದರು. ಮಗಳಿಗೆ ಹೆಸರಿಟ್ಟ ದಿನ ತೊಟ್ಟಿಲಿಗೆ ಮೊದಲು ಹಾಕಿದ್ದೂ ಅದೇ ಕಲ್ಲು, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಒಂದು ಬಟ್ಟೆ ಸುತ್ತಿ ಗಾಡಿಯಲ್ಲಿ ಇಟ್ಟು, ‘ಈಗ ತಳ್ಳು’ ಅಂದರು. ಗಂಡ ಬಗ್ಗಿ ಚಕ್ರ ನೋಡಿದರು, ಮುಂದಿನದು ಪ್ಲಾಸ್ಟಿಕ್ಕು, ಬಹಳ ದಿನ ಬಾರದು ಅಂದರು. ಕಲ್ಲು ಗಾಡಿಯಲ್ಲಿ ಸೊಗಸಾಗಿ ಕೂತಿತ್ತು. ಅದಕ್ಕೆ ಕಾಲಿರಲಿಲ್ಲವಲ್ಲ.

ಮಗಳನ್ನು ಕೂರಿಸಿದಾಗ ತಲೆ ಬೆನ್ನಿನ ಪಟ್ಟಿಗಿಂತ ಮೇಲೆ ಹೋಯಿತು, ಕಾಲು ನೆಲಕ್ಕೆ ತಾಗಿತು. ಸೀಟಿನ ಹೊಲಿಗೆ ಬಿಚ್ಚಿ ಸ್ವಲ್ಪ ದೊಡ್ಡದು ಮಾಡೋಣವೆಂದು ಕೂತೆ. ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವುದು ನಮ್ಮ ಕಸುಬಿನ ರೂಢಿ. ಮಗು ಬೆಳೆದರೆ ಬಿಚ್ಚಿಕೊಳ್ಳಬಹುದು. ಇದರಲ್ಲಿ ಅರ್ಧ ಬೆರಳೂ ಬಿಟ್ಟಿರಲಿಲ್ಲ. ಬಿಡುವುದಾದರೂ ಯಾಕೆ? ಗಾಡಿಯಿಂದ ಇಳಿದು ಓಡುವ ಮಕ್ಕಳಿಗೆಂದು ಹೊಲಿದದ್ದು ಅದು. ಮಿಷಿನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅತ್ತ ಮೇಲೆ ಎದ್ದು, ಹಳೆಯ ಬೆಡ್‌ಶೀಟು ಕತ್ತರಿಸಿ ಪಾದಕ್ಕೊಂದು ಚೀಲ ಹೊಲಿದೆ. ಅದರೊಳಗೆ ಕಾಲಿಟ್ಟು ಮೊಣಕಾಲು ಮಡಚಿ, ಮೇಲೊಂದು ಟವೆಲ್ ಹೊದಿಸಿದರೆ ದೂರದಿಂದ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ದಿನಾ ಸಂಜೆ ಅವಳನ್ನು ಗಾಡಿಯಲ್ಲಿ ಕೂರಿಸಿ ಪಾಠ ಹೇಳಿಕೊಟ್ಟೆ. ಯಾರಾದರೂ ಬಂದರೆ ಮೊಣಕಾಲು ಒಳಗೆ ಎಳೆದುಕೋ. ಅಲ್ಲಾಡಬೇಡ. ಎಷ್ಟು ವರ್ಷ ಎಂದು ಕೇಳಿದರೆ ಮೂರು ಅನ್ನು.

‘ನಂಗೆ ಆರು.’

‘ಅವತ್ತೊಂದಿನ ಮೂರು.’

‘ಯಾಕಮ್ಮ?’

‘ಆಟ ಕಣವ್ವ.’

ಆಟ ಎಂದರೆ ಅವಳು ಯಾವುದಕ್ಕೂ ಒಪ್ಪುತ್ತಾಳೆ. ಎರಡೇ ದಿನಕ್ಕೆ ಕಲಿತಳು.

ಪಾರ್ಕಿನಲ್ಲಿ ಮೊದಲ ಅರ್ಧ ಗಂಟೆ ನಾನು ಅಂದುಕೊಂಡಂತೆಯೇ ನಡೆಯಿತು. ಟಿಕೆಟಿನ ಸಾಲಿನಲ್ಲಿ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಬಗ್ಗಿ, ‘ನಿದ್ದೆ ಬಂತಾ ಬಂಗಾರಿ?’ ಅಂದಳು. ಮಗಳು ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಗೇಟಿನ ಪಕ್ಕದಲ್ಲಿ ಬೇಕಾದವರು ತೆಗೆದುಕೊಳ್ಳಲೆಂದು ವೀಲ್‌ಚೇರುಗಳ ಸಾಲೇ ಇತ್ತು. ಗಂಡ ಅತ್ತ ನೋಡಿದರು. ನಾನು ಗಾಡಿಯನ್ನು ಜೋರಾಗಿ ತಳ್ಳಿಕೊಂಡು ಮುಂದೆ ಹೋದೆ. ಹೆತ್ತ ಆರು ವರ್ಷದಲ್ಲಿ ಅಷ್ಟು ಹಗುರಾಗಿ ನಾನು ಯಾವತ್ತೂ ನಡೆದಿರಲಿಲ್ಲ.

ಒಳಗೆ ಹೋಗುವಲ್ಲಿ ಮಕ್ಕಳ ಎತ್ತರ ನೋಡುವ ಕಂಬ. ಜಿರಾಫೆಯ ಚಿತ್ರ ಬರೆದು, ಎದೆಯ ಹತ್ತಿರ ಒಂದು ಕೆಂಪು ಗೆರೆ ಎಳೆದಿದ್ದರು. ಗೆರೆ ದಾಟಿದವರ ಕೈಗೆ ನೀಲಿ ಪಟ್ಟಿ, ದಾಟದವರಿಗೆ ಹಳದಿ. ನೀಲಿ ಇದ್ದವರಿಗೆ ದೊಡ್ಡ ಆಟಗಳೂ ಸಿಗುತ್ತವೆ. ಮೈದುನನ ಮಗ ಹೋಗಿ ನಿಂತ. ಗೆರೆಗೆ ಒಂದು ಬೆರಳು ಕಡಿಮೆಯಾಯಿತು. ಹಳದಿ ಕಟ್ಟಿದ ಕೂಡಲೇ ಬೊಬ್ಬೆ ಹಾಕಿದ. ನನ್ನ ಮಗಳಿಗೂ ಕೇಳದೆಯೇ ಹಳದಿ ಕಟ್ಟಲು ಅಲ್ಲಿ ಕೆಲಸಕ್ಕಿದ್ದ ಹುಡುಗಿ ಬಗ್ಗಿದಳು. ಇವಳು ಕೈ ಹಿಂದಕ್ಕೆಳೆದುಕೊಂಡಳು.

‘ಅಪ್ಪ, ನನ್ನೂ ನಿಲ್ಸಪ್ಪ. ನನ್ನೂ ನೋಡ್ಲಿ.’

ನಾನು ಬೇಡ ಅನ್ನುವಷ್ಟರಲ್ಲಿ ಅವರು ಟವೆಲ್ ತೆಗೆದು, ಕಂಕುಳಿಗೆ ಕೈಕೊಟ್ಟು ಎತ್ತಿ ಕಂಬಕ್ಕೆ ಆನಿಸಿ ಹಿಡಿದರು. ಮೈದುನ ಕೂತು ಅವಳ ಮೊಣಕಾಲನ್ನು ನೇರ ಮಾಡಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದ. ಮಗಳ ತಲೆ ಗೆರೆಯಿಂದ ಮೂರು ಬೆರಳು ಮೇಲಿತ್ತು.

‘ನಾನೇ ಉದ್ದ! ಅಮ್ಮ ನೋಡು, ಅವ್ನ್ಗಿಂತ ನಾನೇ ಉದ್ದ!’

ನಾನು ನೋಡಿದೆ. ಅವಳು ನಿಂತರೆ ಹೀಗೆ ಕಾಣುತ್ತಾಳೆಂದು ಆರು ವರ್ಷದಲ್ಲಿ ಅವತ್ತೇ ನೋಡಿದ್ದು. ಅಪ್ಪನ ಎತ್ತರ, ಅಪ್ಪನ ಹಾಗೆಯೇ ಉದ್ದ ಕತ್ತು. ಇಷ್ಟುದ್ದದ ಹುಡುಗಿಯನ್ನು ನಾನು ಮಡಚಿ ಮಡಚಿ ಚೀಲದಲ್ಲಿ ತುಂಬಿದ್ದೆ. ಅವಳು ಬೆಳೆಯುತ್ತಲೇ ಇದ್ದಾಳೆ, ಇನ್ನೂ ಬೆಳೆಯುತ್ತಾಳೆ, ನಿಲ್ಲುವುದು ಮಾತ್ರ ಇಲ್ಲ. ಗಂಡನ ತೋಳು ನಡುಗತೊಡಗಿದ ಮೇಲೆ ಅವಳನ್ನು ಇಳಿಸಿ ಮತ್ತೆ ಗಾಡಿಯಲ್ಲಿ ಕೂರಿಸಿದರು. ಕೈಗೆ ನೀಲಿ ಪಟ್ಟಿ ಕಟ್ಟಿದ್ದರು.

ಆ ಪಟ್ಟಿ ಯಾವುದಕ್ಕೂ ಬರಲಿಲ್ಲ. ಮೊದಲನೆಯ ತೂಗುದೋಣಿಯ ಹತ್ತಿರವೇ ಹತ್ತಿಸುವವನು ಬೋರ್ಡು ತೋರಿಸಿದ. ತಾನೇ ನಿಂತು, ತಾನೇ ಹತ್ತಿ ಇಳಿಯಬಲ್ಲ ಮಕ್ಕಳಿಗೆ ಮಾತ್ರ. ಒಳ್ಳೆಯ ಮನುಷ್ಯ, ಗದರಲಿಲ್ಲ. ‘ನಂಗೆ ನೀಲಿ ಐತೆ, ನೋಡಿ’ ಎಂದು ಮಗಳು ಕೈ ಚಾಚಿದಳು. ‘ಐತೆ ಕಂದ, ಆದ್ರೆ ಆಗಲ್ಲ’ ಅಂದ. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರ ಹತ್ತಿರ ಅವಳು ಕೈ ತೋರಿಸಲಿಲ್ಲ. ಪುಟಾಣಿ ರೈಲಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಒಂದು ಸುತ್ತು ಬಂದಳು. ಉಳಿದ ಹೊತ್ತೆಲ್ಲ ನಾವಿಬ್ಬರೂ ಮರದ ಕೆಳಗೆ ಕೂತು ಬೇರೆಯವರ ಮಕ್ಕಳು ಕಿರುಚುವುದನ್ನು ನೋಡಿದೆವು. ಮಧ್ಯಾಹ್ನ ಬಟ್ಟೆ ಬದಲಿಸಲು ಎತ್ತಿಕೊಂಡಾಗ ಅವಳ ತೊಡೆಯ ಹಿಂದೆ ಗಾಡಿಯ ಕೊಳವೆ ಒತ್ತಿ ಎರಡು ಕೆಂಪು ಬಾಸುಂಡೆ ಎದ್ದಿದ್ದವು.

‘ಯಾಕಮ್ಮಿ ನೋಯ್ತದೆ ಅಂತ ಏಳ್ನಿಲ್ಲ?’

‘ಅಲ್ಲಾಡ್ಬ್ಯಾಡ ಅಂದಿದ್ಯಲ್ಲ.’

ಎಣ್ಣೆ ಹಚ್ಚಿದೆ. ವೀಲ್‌ಚೇರ್ ತರೋಣ, ಈ ಸುಳ್ಳು ಇವತ್ತಿಗೇ ಸಾಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಂದುಕೊಂಡಿದ್ದನ್ನು ಬಾಯಿಬಿಟ್ಟು ಅವಳಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಇವತ್ತಿಗೂ ತಿಳಿಯದು.

ವಾಪಸು ಬರುವಾಗ ಹೈವೇ ಬಿಟ್ಟು ಹಳೇ ರಸ್ತೆಗಿಳಿದು ಮದ್ದೂರಿನಲ್ಲಿ ಮೈದುನನ ಕಾರು ನಿಲ್ಲಿಸಿದೆವು. ಗಂಡಸರು ವಡೆ ತರಲು ಹೋದರು. ಇನ್ನೂ ಬೆಳಕಿತ್ತು. ಮಗಳಿಗೆ ಸೆಕೆಯೆಂದು ಗಾಡಿ ಬಿಚ್ಚಿ ಅಂಗಡಿಯ ಮುಂದೆ ಕೂರಿಸಿದ್ದೆ. ಟವೆಲ್ ಮಡಿಲಲ್ಲಿ ಬಿದ್ದಿತ್ತು, ಕಾಲು ಹೊರಗೆ ಚಾಚಿಕೊಂಡಿದ್ದವು. ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಒಬ್ಬ ಅಜ್ಜಿ ಅವಳ ಕಡೆ ಬಗ್ಗಿದರು.

‘ಎಷ್ಟ್ ವರ್ಸ ಕಂದ ನಿಂಗೆ?’

ಆರು ಅನ್ನುತ್ತಾಳೆ, ಅನ್ನಲಿ ಎಂದು ಕಾದೆ. ಅವಳು ಕತ್ತು ತಿರುಗಿಸಿ ನನ್ನ ಮುಖ ನೋಡಿದಳು. ಎರಡೂ ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಒಳಗೆ ಎಳೆದುಕೊಂಡು, ಟವೆಲ್ ಸರಿಮಾಡಿಕೊಂಡು, ‘ಮೂರು’ ಅಂದಳು. ಆಮೇಲೆ ನೀಲಿ ಪಟ್ಟಿ ಇದ್ದ ಕೈಯನ್ನೂ ಟವೆಲಿನೊಳಗೆ ಸೇರಿಸಿಕೊಂಡಳು.