ಮೆಟ್ಟಿಲಿನಿಂದ ನಾಲ್ಕು ಮಾರು

ಪಾಳುಬಿದ್ದ ಕೊಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಒಂದು ಹಿಂಗೋಡೆ ಬಾವಿಯ ಕಡೆಗೆ ವಾಲುತ್ತಿದೆ ಎಂದು ನಾನು ಹೇಳಿದಾಗ ಆಯಿ ನಂಬಲಿಲ್ಲ. ಕಾಯಿ ಕೊಯ್ಯುವ ದೋಟಿಯ ತುದಿಗೆ ದಾರ ಕಟ್ಟಿ, ದಾರದ ಕೆಳಗೆ ಹಿತ್ತಿಲ ಬಾಗಿಲಿನ ಬೀಗ ತೂಗುಬಿಟ್ಟು, ಗೋಡೆಯ ತಲೆ ಎಲ್ಲಿದೆ, ಬುಡ ಎಲ್ಲಿದೆ ಎಂದು ತೋರಿಸಿದೆ. ದೀಪಾವಳಿಯ ಹೊತ್ತಿಗೆ ನಾಲ್ಕು ಇಂಚಿನ ವ್ಯತ್ಯಾಸವಿತ್ತು. ಮೇ ತಿಂಗಳಲ್ಲಿ ಮತ್ತೆ ಅಳೆದಾಗ ಏಳು. ಗೋಡೆಯ ಎತ್ತರ ಒಂಬತ್ತಡಿ. ಅದಕ್ಕೂ ಬಾವಿಕಟ್ಟೆಗೂ ನಡುವಿನ ಅಂತರ ಐದಡಿ. ಮಳೆಗಾಲದಲ್ಲಿ ಅದು ಬಿದ್ದರೆ ಎಲ್ಲಿ ಬೀಳುತ್ತದೆ ಎಂದು ಆಯಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

ನಮ್ಮ ಮನೆ ಇರುವುದು ಅಂಕೋಲಾ ಪೇಟೆಯಿಂದ ಸಮುದ್ರದ ಕಡೆಗೆ ಇಳಿಯುವ ಓಣಿಯಲ್ಲಿ. ಬೇಸಿಗೆ ಏರುತ್ತಿದ್ದಂತೆ ಇಲ್ಲಿಯ ಬಾವಿಗಳ ನೀರು ಒಂದೊಂದಾಗಿ ಉಪ್ಪಾಗುತ್ತದೆ. ನಮ್ಮದು ಮಾತ್ರ ಆಗುವುದಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ. ಆಚೆಮನೆಯ ಅಕ್ಕನ ಬಾವಿ ಉಪ್ಪಾಗಿ ಆರು ವರ್ಷವಾಯಿತು. ಅವಳು ದಿನಕ್ಕೆರಡು ಸಲ ಬೇಲಿಯ ಕಂಡಿಯಲ್ಲಿ ನುಸುಳಿ ಬಂದು ಕೊಡ ತುಂಬಿಕೊಂಡು ಹೋಗುತ್ತಾಳೆ. ಗಂಡನಿಗೆ ಒಂದು ಸಣ್ಣ ದೋಣಿಯಿದೆ, ಮನೆಯಲ್ಲಿ ಐದು ಜನ. ಗೋಡೆಯ ಸುದ್ದಿ ಕೇಳಿದ ಮೇಲೆ ಅವಳು ಕೊಡ ಸೊಂಟಕ್ಕೇರಿಸುವ ಮೊದಲು ಒಮ್ಮೆ ಗೋಡೆಯತ್ತ ನೋಡುತ್ತಿದ್ದಳು.

ಮೇಸ್ತ್ರಿ ಬಂದು ನೋಡಿದ. ಮಣ್ಣಿನಲ್ಲಿ ಕೂಡಿಸಿದ ಹಳೆಯ ಕೆಂಪು ಚಿರೇಕಲ್ಲು, ಮೇಲಿನ ಸಾಲುಗಳೆಲ್ಲ ಸಡಿಲ. "ಇದ್ಕೆ ನಾ ಏಣಿ ಒರಗ್ಸೂದಿಲ್ಲ ಸಾಹೇಬ್ರೆ. ನಂಗೆ ಹೆಂಡ್ತಿ ಮಕ್ಕಳಿದ್ದಾರೆ" ಎಂದು ಚಹಾ ಕುಡಿದು ಹೋದ. ಜೆಸಿಬಿ ತರಿಸೋಣವೆಂದರೆ ಓಣಿಯ ಅಗಲ ಸಾಲದು. ಕೊನೆಗೆ ಹಿಲ್ಲೂರಿನ ಮಾವ, ಎಂದರೆ ಆಯಿಯ ತಮ್ಮ, ತೋಟದಲ್ಲಿ ಮರಗಳ ಸಾಲಿನ ನಡುವೆ ಓಡಿಸಲು ಇಟ್ಟುಕೊಂಡಿದ್ದ ಮಿನಿ ಟ್ರ್ಯಾಕ್ಟರನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಎರಡೂ ಕಡೆಯ ಕಂಪೌಂಡಿಗೆ ಒಂದೊಂದು ಗೇಣು ಬಿಟ್ಟು ಅದು ಒಳಗೆ ಬಂದಿತ್ತು.

"ಸರಪಳಿ ಕೆಳಗಿನ ಕೊಂಡಿಗೇ ಹಾಕ್ಬೇಕು ಬಾವಾ" ಎಂದು ಮಾವ ಅಪ್ಪನಿಗೆ ಹೇಳಿದ. "ಮೇಲೆ ಕಟ್ಟಿ ಎಳೆದ್ರೆ ಮೂತಿ ಎತ್ತಿ ಹಿಂದಕ್ಕೇ ಮಗಚ್ತದೆ. ಆಮೇಲೆ ನಮ್ಮಕ್ಕ ನನ್ನ ಬಿಡೂದಿಲ್ಲ."

"ಹ್ಯಾಂಡ್ ಬ್ರೇಕ್?"

"ಅದು ಹಿಡಿಯೂದಿಲ್ಲ. ನಿಲ್ಸೂದಿದ್ರೆ ಗಾಲಿಗೊಂದು ಕಲ್ಲು ಕೊಡೂದು. ಇಲ್ದಿದ್ರೆ ಕಾಲ ಬ್ರೇಕಿನ ಮೇಲೇ ಇರ್ಬೇಕು."

"ಇದನ್ನ ಇಟ್ಕೊಂಡು ನೀ ಇಷ್ಟು ವರ್ಷ ಬದುಕಿದ್ದೀಯಲ್ಲ ಮಾರಾಯಾ" ಎಂದಳು ಆಯಿ. ಮಾವ ನಗುತ್ತ ಬಸ್ಸಿಗೆ ಹೋದ.

ಅಪ್ಪನಿಗೆ ಯಂತ್ರದ ಹೆದರಿಕೆಯಿಲ್ಲ. ಅವನ ಇಡೀ ನೌಕರಿ ಕಳೆದದ್ದು ಯಂತ್ರಗಳ ನಡುವೆ. ನಾವು ಇದ್ದದ್ದೂ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ. ಈ ಮನೆಗೆ ರಜೆಯಲ್ಲಿ ಮಾತ್ರ ಬರುತ್ತಿದ್ದೆವು. ಅಪ್ಪ ನಿವೃತ್ತನಾದ ಮೇಲೆಯೇ ಇಲ್ಲಿ ನೆಲೆಸಿದ್ದು. ನಾನು ಕಾರವಾರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಹಾಗಾಗಿ ಮನೆಯಲ್ಲಿ ಅಳೆಯುವ ಕೆಲಸವೆಲ್ಲ ನನಗೆ ಬರುತ್ತದೆ, ಅಳತೆ ಹೇಳಿದ ಮೇಲೆ ಅಪ್ಪ ಮತ್ತೊಮ್ಮೆ ಕೇಳುವುದಿಲ್ಲ. ಆ ವಿಶ್ವಾಸ ನನಗೆ ಇಷ್ಟವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಗ್ರಾಫ್ ಹಾಳೆಯ ಮೇಲೆ ಅಂಗಳದ ನಕ್ಷೆ ಬರೆದೆ. ಗೋಡೆಯಲ್ಲಿ ಎರಡು ಕಿಟಕಿಯ ಕಂಡಿಗಳಿದ್ದವು. ಬಾವಿಯ ಬದಿಯಿಂದ ಗೋಡೆಗೆ ಅಡ್ಡಲಾಗಿ ಒಂದು ಹಳೆಯ ತೊಲೆಯನ್ನು ಇಟ್ಟು, ಅದರ ಎರಡು ತುದಿಗೆ ಕಟ್ಟಿದ ಸರಪಳಿಗಳನ್ನು ಕಿಟಕಿಗಳ ಮೂಲಕ ಈಚೆ ತಂದು ಒಂದು ದಪ್ಪ ಕಬ್ಬಿಣದ ಬಳೆಗೆ ಸೇರಿಸಬೇಕು. ಬಳೆಯಿಂದ ಟ್ರ್ಯಾಕ್ಟರಿಗೆ ಇನ್ನೊಂದು ಸರಪಳಿ. ಎಳೆದಾಗ ತೊಲೆ ಇಡೀ ಗೋಡೆಯನ್ನು ಒಟ್ಟಿಗೆ ತಳ್ಳುತ್ತದೆ, ಗೋಡೆ ಬಾವಿಯನ್ನು ಬಿಟ್ಟು ಅಂಗಳಕ್ಕೆ ಬೀಳುತ್ತದೆ. ಟ್ರ್ಯಾಕ್ಟರ್ ಗೋಡೆಯಿಂದ ಹದಿನೆಂಟು ಅಡಿ ದೂರವಿರುತ್ತದೆ.

ತೊಡಕು ಇದ್ದದ್ದು ಒಂದೇ. ಅಜ್ಜ ಈ ಮನೆಗೆ ಬೇಕಾದ ಚಿರೇಕಲ್ಲನ್ನು ಈ ಅಂಗಳದಲ್ಲೇ ಕಡಿಸಿದ್ದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಕಲ್ಲು ತೆಗೆದ ಹೊಂಡವನ್ನು ಆಮೇಲೆ ಕಸಕಡ್ಡಿ ಹಾಕಿ ತುಂಬಿದ್ದರು. ಮೇಲೆ ಹುಲ್ಲು ಬೆಳೆದು ಈಗ ಗುರುತು ಹತ್ತುತ್ತಿರಲಿಲ್ಲ. ನನಗೆ ನೆನಪಿದ್ದದ್ದು ರಜೆಯಲ್ಲಿ ಬಂದಾಗ ಅಜ್ಜಿ ಹೇಳುತ್ತಿದ್ದ ಮಾತು: "ಅಡುಗೆಮನೆ ಮೆಟ್ಲಿಂದ ನಾಲ್ಕು ಮಾರು ಬಿಟ್ಟು ಆಚೆ ಹೊಂಡ. ಅಲ್ಲಿ ಕುಣೀಬೇಡ." ಎರಡು ಕೈ ಚಾಚಿದರೆ ಒಂದು ಮಾರು, ಎಂದರೆ ಆರಡಿ. ಮೆಟ್ಟಿಲಿನಿಂದ ಇಪ್ಪತ್ನಾಲ್ಕು ಅಡಿ ಅಳೆದು, ಅದರಾಚೆ ಸುಣ್ಣದ ಪುಡಿಯಲ್ಲಿ ಚೌಕ ಹಾಕಿದೆ. ಚೌಕದೊಳಗೆ ಹಾರೆ ಊರಿ ನೋಡಿದೆ. ಒಂದು ಗೇಣು ಸುಲಭವಾಗಿ ಇಳಿಯಿತು. ಸರಿಯಾಗಿದೆ ಎಂದುಕೊಂಡೆ. ಚೌಕದ ಹೊರಗೆ ಊರಿ ನೋಡಲಿಲ್ಲ.

"ಸುಣ್ಣದ ಈಚೆ ಎರಡಡಿ ಬಿಟ್ಟು ಗಾಲಿ ಹೋದ್ರೆ ಸಾಕು" ಎಂದು ಅಪ್ಪನಿಗೆ ಹೇಳಿದೆ.

ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಬಾವಿಗೆ ತಗಡು ಮುಚ್ಚಿ ತಾಡಪಾಲು ಹೊದೆಸಿದ್ದೆವು. ಮುಗಿಲು ದಕ್ಷಿಣದಿಂದ ಕಟ್ಟಿಕೊಂಡು ಬರುತ್ತಿತ್ತು. ಆಯಿ ಅಡುಗೆಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಆಚೆಮನೆಯ ಅಕ್ಕ ಖಾಲಿ ಕೊಡ ಹಿಡಿದು ಬೇಲಿಯ ಕಂಡಿಯಲ್ಲಿ ನಿಂತಿದ್ದಳು.

ಅಪ್ಪ ಗೋಡೆಗೆ ಬೆನ್ನು ಹಾಕಿ ಟ್ರ್ಯಾಕ್ಟರಿನಲ್ಲಿ ಕೂತು ಮೊದಲ ಗೇರಿನಲ್ಲಿ ಮೆಲ್ಲಗೆ ಬಿಟ್ಟ. ಸರಪಳಿ ನೆಲದಿಂದ ಎದ್ದಿತು, ನೇರವಾಯಿತು, ಬಿಗಿಯಾಯಿತು. ನಾನು ದೂರದಲ್ಲಿ ದೋಟಿಯ ದಾರ ಹಿಡಿದು ಗೋಡೆಯ ತಲೆ ನೋಡುತ್ತಿದ್ದೆ. ಏಳು ಇಂಚಿನ ವಾಲು ಐದಾಯಿತು, ಮೂರಾಯಿತು. ಬುಡದಲ್ಲಿ ಉದ್ದಕ್ಕೆ ಒಂದು ಬಿರುಕು ಬಿಟ್ಟು ಮಣ್ಣು ಉದುರಿತು. ಗೋಡೆ ಈಗ ಬುಡದಿಂದ ಬೇರೆಯಾಗಿತ್ತು. "ಬರ್ತಾ ಇದೆ!" ಎಂದು ಕೂಗಿದೆ.

ಮುಂದಿನ ಗಾಲಿ ಸರಾಗವಾಗಿ ದಾಟಿದ ಜಾಗದಲ್ಲೇ ಹಿಂದಿನ ಎಡ ಗಾಲಿ ನೆಲದೊಳಗೆ ಇಳಿಯಿತು.

ಸದ್ದೇನೂ ಆಗಲಿಲ್ಲ. ಹುಲ್ಲಿನ ಹಾಸು ಹರಿದು ಗಾಲಿ ಅರ್ಧಕ್ಕೆ ಹೋಯಿತು, ಅಪ್ಪ ಒಂದು ಬದಿಗೆ ಜಾರಿ ಸ್ಟಿಯರಿಂಗ್ ಹಿಡಿದುಕೊಂಡ. ಅದು ಸುಣ್ಣದ ಗೆರೆಯ ಈಚೆ, ನಾನು ಹೇಳಿದಂತೆ ಸರಿಯಾಗಿ ಎರಡಡಿ ಈಚೆ. ಅಪ್ಪ ಮತ್ತೆ ಎಕ್ಸಲರೇಟರ್ ಕೊಟ್ಟ. ಗಾಲಿ ಸುತ್ತಿ ಇನ್ನಷ್ಟು ಇಳಿಯಿತು. ಟ್ರ್ಯಾಕ್ಟರ್ ಹಿಂದಕ್ಕೆ ಒಂದಿಷ್ಟು ಜರುಗಿತು. ನಾನು ದಾರ ನೋಡಿದೆ. ಗೋಡೆಯೂ ಬಾವಿಯ ಕಡೆಗೆ ಅಷ್ಟೇ ಹಿಂದೆ ಹೋಗಿತ್ತು.

"ಅಪ್ಪಾ, ಬ್ರೇಕ್ ಬಿಡ್ಬೇಡ!"

"ಬಿಡೂದಿಲ್ಲ. ಎಷ್ಟಿದೆ?"

"ನಾಲ್ಕು."

ಗೋಡೆ ಈಗ ನಿಂತಿದ್ದು ಸರಪಳಿಯ ಬಿಗಿಯಿಂದ, ಸರಪಳಿ ಬಿಗಿಯಾಗಿದ್ದದ್ದು ಅಪ್ಪನ ಬಲಗಾಲಿನಿಂದ. ಅವನು ಇಳಿದರೆ ಟ್ರ್ಯಾಕ್ಟರ್ ಹಿಂದೆ ಸರಿಯುತ್ತದೆ, ಗೋಡೆ ಬಾವಿಗೆ ಹೋಗುತ್ತದೆ. ಇಳಿಯದಿದ್ದರೆ, ಹೊಂಡ ಇನ್ನೂ ಕುಸಿದರೆ, ಟ್ರ್ಯಾಕ್ಟರ್ ಎಡಕ್ಕೆ ಮಗುಚುತ್ತದೆ. ನಾನು ಒಂದು ಚಿರೇಕಲ್ಲನ್ನು ಎತ್ತಿ ತಂದು ಗಾಲಿಯ ಹಿಂದೆ ಕೊಟ್ಟೆ. ನೋಡನೋಡುತ್ತ ಅದೂ ಮುಳುಗಿತು.

"ಇಳೀರಿ!" ಆಯಿ ಮೆಟ್ಟಿಲಿನಿಂದ ಕಿರುಚಿದಳು. "ಬಾವಿ ಹೋದ್ರೆ ಹೋಗ್ಲಿ, ನೀವು ಇಳೀರಿ!"

ಹೇಳಿದ ಮೇಲೆ ಆಯಿ ಬೇಲಿಯ ಕಡೆ ನೋಡಿದಳು. ನಾನೂ ನೋಡಿದೆ. ಅಕ್ಕ ಕೊಡವನ್ನು ಅಲ್ಲೇ ಇಟ್ಟು ಹೊರಟುಹೋಗಿದ್ದಳು. ಸಿಟ್ಟಾದಳೇನೋ ಎಂದುಕೊಂಡೆ, ಆಗಲು ಕಾರಣವೂ ಇತ್ತು.

ಅಪ್ಪ ಇಳಿಯಲಿಲ್ಲ. "ಎಷ್ಟು?" ಎಂದ.

"ನಾಲ್ಕೂವರೆ."

ಅಷ್ಟರಲ್ಲಿ ಅಕ್ಕ ಕಂಡಿಯಲ್ಲಿ ಮತ್ತೆ ನುಸುಳಿದಳು. ಹೆಗಲ ಮೇಲೆ ದೋಣಿಯನ್ನು ದಡಕ್ಕೆ ಎಳೆಯುವ ದಪ್ಪ ಹಗ್ಗದ ಸಿಂಬಿ. ಮಳೆಗಾಲಕ್ಕೆ ಮೊದಲು ದೋಣಿ ಮೇಲೆ ಹಾಕುವ ದಿನಗಳು. ಹಗ್ಗ ಅವರ ಜಗಲಿಯಲ್ಲೇ ಇತ್ತು.

"ತಂಗೀ, ಇದ್ನ ಆ ಬಳೆಗೆ ಸಿಕ್ಸು. ಸರಪಳಿ ಮೆಟ್ಬೇಡ, ಆಚೆಯಿಂದ ಹೋಗು."

ನಾನು ಬಳೆಯೊಳಗೆ ಹಗ್ಗದ ತುದಿ ತೂರಿಸಿ ಈಚೆ ತಂದೆ. ಅಷ್ಟು ಹೊತ್ತು ಗೋಡೆಯ ಎದುರಿಗೆ ಇದ್ದೆ, ಹಿಂದೆ ತಿರುಗಿ ನೋಡಲಿಲ್ಲ. ಅಕ್ಕ ಎರಡೂ ಎಳೆಗಳನ್ನು ಅಂಗಳದ ತುದಿಯ ತೆಂಗಿನ ಮರಕ್ಕೆ ಸುತ್ತಿ, ಪಾದವನ್ನು ಬುಡಕ್ಕೆ ಒತ್ತಿ, ಮೈಯನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗಿ ಗಂಟು ಬಿಗಿದಳು.

"ಹಾರೆ ಕೊಡು."

ಮರದ ಹತ್ತಿರ, ಎರಡು ಎಳೆಗಳ ನಡುವೆ ಹಾರೆ ತೂರಿಸಿ ತಿರುಗಿಸತೊಡಗಿದಳು. ಹಗ್ಗ ಒಂದರ ಮೇಲೊಂದು ಹುರಿಗೊಳ್ಳುತ್ತ ಕುಗ್ಗಿತು.

"ಎಳೆಯೋರು ಕಮ್ಮಿ ಇದ್ದಾಗ ನಾವು ದೋಣಿಗೆ ಹಿಂಗೇ ಮಾಡೂದು. ಹಿಡ್ಕೋ ಗಟ್ಟಿ. ಕೈ ಬಿಟ್ರೆ ಹಾರೆ ತಿರುಗಿ ನಿನ್ನ ಹಲ್ಲು ಮುರೀತದೆ, ಆಮೇಲೆ ಗಂಡು ಹುಡ್ಕೂದು ಕಷ್ಟ."

ನನಗೆ ನಗು ಬರಲಿಲ್ಲ. ಅವಳಿಗೂ ಬಂದಿರಲಿಲ್ಲ. ನಾವಿಬ್ಬರೂ ಸೇರಿ ಇನ್ನೆರಡು ಸುತ್ತು ತಿರುಗಿಸಿದೆವು. ಹಗ್ಗ ತಂತಿಯ ಹಾಗೆ ಬಿಗಿಯಾಯಿತು. ಬಳೆ ಮೆಲ್ಲಗೆ ನಮ್ಮತ್ತ ಬಂದು, ಟ್ರ್ಯಾಕ್ಟರಿನ ಸರಪಳಿ ಮೊದಲ ಸಲ ಜೋತುಬಿದ್ದಿತು.

"ಈಗ ಇಳೀರಿ ಅಣ್ಣಾ" ಎಂದಳು ಅಕ್ಕ. "ಹಗ್ಗ ಹಿಡಿದದೆ."

ಅಪ್ಪ ಬ್ರೇಕಿನಿಂದ ಕಾಲೆತ್ತಿದ. ಟ್ರ್ಯಾಕ್ಟರ್ ಒಂದು ಗೇಣು ಹಿಂದೆ ಜಾರಿ ಹೊಂಡದಲ್ಲೇ ಕೂತಿತು. ಗೋಡೆ ಅಲುಗಲಿಲ್ಲ. ಅವನು ಇಂಜಿನ್ ಬಂದ್ ಮಾಡಿ ಬಲಬದಿಯಿಂದ ಇಳಿದು ನಮ್ಮತ್ತ ಬಂದ. ಆಯಿಯೂ ಮೆಟ್ಟಿಲಿಳಿದು ಬಂದು ಹಾರೆಗೆ ಕೈಹಾಕಿದಳು. ಒಂದು ಸುತ್ತು, ನಿಲ್ಲುವುದು. ಇನ್ನೊಂದು ಸುತ್ತು, ನಿಲ್ಲುವುದು. ಹಾರೆ ಹಿಡಿದಿದ್ದರಿಂದ ಅಳೆಯಲು ನನ್ನ ಕೈ ಖಾಲಿ ಇರಲಿಲ್ಲ. ಗೋಡೆ ಎಲ್ಲಿದೆ ಎಂಬುದು ಅಂಗೈಗೆ ಬರುತ್ತಿದ್ದ ಭಾರದಲ್ಲೇ ತಿಳಿಯುತ್ತಿತ್ತು. ಎಷ್ಟನೆಯ ಸುತ್ತೋ, ಆ ಭಾರ ತಟ್ಟನೆ ಇಲ್ಲವಾಯಿತು. ಗೋಡೆ ನೇರ ನಿಂತು, ಒಂದು ಕ್ಷಣ ತಡೆದು, ಅಂಗಳಕ್ಕೆ ಮಗುಚಿತು.

ಕೆಂಪು ಧೂಳು ಇಳಿದ ಮೇಲೆ ನೋಡಿದರೆ ಬಡಗಣ ಮೂಲೆಯ ಐದಾರು ಕಲ್ಲುಗಳು ಆಚೆ ಬದಿಗೆ ಉದುರಿದ್ದವು. ಒಂದು ಬಾವಿಕಟ್ಟೆಗೆ ತಾಗಿ ಅಂಚು ಒಡೆದಿತ್ತು. ಅಕ್ಕ ತಾಡಪಾಲು ಸರಿಸಿ, ತಗಡನ್ನು ಓರೆ ಮಾಡಿ ಒಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಬಾವಿ ಹಂಗೇ ಅದೆ" ಎಂದಳು.

ಆಯಿ ಅವಳ ಹತ್ತಿರ ಹೋದಳು. "ನಾ ಆಗ ಹೇಳಿದ್ದು ಮನಸ್ಸಿಗೆ ಹಚ್ಕೋಬೇಡ."

"ಎಂತಕ್ಕೆ? ನನ್ನ ಗಂಡ ಆಗಿದ್ರೆ ನಾನೂ ಹಂಗೇ ಕೂಗ್ತಿದ್ದೆ" ಎಂದು ಅಕ್ಕ ಕೊಡ ತರಲು ಹೋದಳು.

ಟ್ರ್ಯಾಕ್ಟರನ್ನು ಮೇಲೆತ್ತಲು ಗಾಲಿಯ ಸುತ್ತ ಅಗೆದೆವು. ಮಣ್ಣಿಗಿಂತ ಹೆಚ್ಚು ಸಿಕ್ಕಿದ್ದು ಬಳಚಿನ ಕಪ್ಪೆಚಿಪ್ಪು, ಪುಡಿಯಾದ ತೆಂಗಿನ ಸಿಪ್ಪೆ, ಒಡೆದ ಹಂಚು. ನಮ್ಮ ಮನೆಯವರು ವರ್ಷಗಟ್ಟಲೆ ಉಂಡು ಎಸೆದದ್ದು. ಹೊಂಡ ಅಲ್ಲೇ ಇತ್ತು, ನನ್ನ ಚೌಕದಿಂದ ಐದಡಿ ಮನೆಯ ಕಡೆಗೆ. ಚೌಕದೊಳಗೆ ಹಾರೆ ಸುಲಭವಾಗಿ ಇಳಿದದ್ದು ಅಲ್ಲಿ ಆಯಿಯ ಹಳೆಯ ಬಸಳೆಯ ಪಾತಿ ಇದ್ದುದರಿಂದ.

ಮತ್ತೆ ಟೇಪು ಹಿಡಿದು ಮೆಟ್ಟಿಲಿಗೆ ಬಂದೆ. ಅಡುಗೆಮನೆಯ ನೆಲದಲ್ಲಿ, ಹೊರಗಿನ ಗೋಡೆಯಿಂದ ಐದಡಿ ಒಳಗೆ, ಸಿಮೆಂಟಿನ ಬಣ್ಣ ಬದಲಾಗುವ ಒಂದು ಗೆರೆಯಿದೆ. ದಿನಾ ತುಳಿಯುವ ಗೆರೆ. ಅಜ್ಜಿ ಹೇಳಿದ ಮೆಟ್ಟಿಲು ಅಲ್ಲಿತ್ತು. ನಾನು ಚಿಕ್ಕವಳಿದ್ದಾಗ ಯಾವುದೋ ಬೇಸಿಗೆಯಲ್ಲಿ ಅಡುಗೆಮನೆಯನ್ನು ಮುಂದಕ್ಕೆ ಬೆಳೆಸಿದ್ದರು. ಮನೆ ಬೆಳೆದರೂ ಅಜ್ಜಿಯ ಮಾತು ಬೆಳೆದಿರಲಿಲ್ಲ. ರಜೆಗೆ ಮಾತ್ರ ಬರುತ್ತಿದ್ದ ನಾನು ಎರಡನ್ನೂ ಒಟ್ಟಿಗಿಟ್ಟು ನೋಡಿರಲಿಲ್ಲ.

ಅಪ್ಪ ಹೊರಗೆ ಕಾಲು ತೊಳೆಯುತ್ತಿದ್ದ. ಹೇಳದೆಯೂ ಇರಬಹುದಿತ್ತು.

"ನಾ ಹೊಸ ಮೆಟ್ಟಿಲಿಂದ ಅಳೆದಿದ್ದೆ" ಎಂದೆ. "ತಪ್ಪು ನಂದು."

ಅವನು ಚೊಂಬು ಕೆಳಗಿಟ್ಟ. "ಆ ಮೆಟ್ಲು ಕಟ್ಸಿದ್ದು ಯಾರು? ನಾನೇ ನಿಂತು ಕಟ್ಸಿದ್ದು. ನಂಗೇ ನೆನಪಾಗ್ಲಿಲ್ಲ, ನಿಂಗೆಲ್ಲಿಂದ ಆಗ್ತದೆ?" ಚೊಂಬನ್ನು ಮತ್ತೆ ಎತ್ತಿಕೊಂಡು, "ಆದ್ರೆ ಆಚೆ ಈಚೆ ಎಲ್ಲ ಹಾರೆ ಹಾಕಿ ನೋಡ್ಬೇಕಿತ್ತು" ಎಂದ. ಅದೂ ನಿಜವೇ.

ಉಳಿದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಗೋಡೆಯ ಕಲ್ಲುಗಳನ್ನೇ ಹೊಂಡಕ್ಕೆ ತುಂಬಿ ಮೇಲೆ ಮಣ್ಣು ಹಾಕಿದೆವು. ಟ್ರ್ಯಾಕ್ಟರಿನ ಹಿಂದೆ ಬ್ಲೇಡು ಕಟ್ಟಿ, ಮಳೆಯ ನೀರು ಬಾವಿಯ ಕಡೆಗೆ ಬಾರದಂತೆ ಅಂಗಳವನ್ನು ಓಣಿಯ ಕಡೆಗೆ ಇಳಿಜಾರು ಮಾಡಿದೆವು. ನಾನು ಹಾರೆ ಹಿಡಿದು ಟ್ರ್ಯಾಕ್ಟರಿನ ಮುಂದೆ ಮುಂದೆ ನಡೆದು, ಅಡಿಗೊಮ್ಮೆ ಊರಿ ನೋಡಿ ಕೈಯೆತ್ತಿದ ಮೇಲೆಯೇ ಅಪ್ಪ ಗಾಲಿ ಬಿಡುತ್ತಿದ್ದ.

ಬಾವಿಯ ನೀರು ಎರಡು ದಿನ ಕೆಂಪಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಒಂದು ಕೊಡ ಸೇದಿ, ಬೊಗಸೆಯಲ್ಲಿ ಹಿಡಿದು ಕುಡಿದು, ಕೊಡವನ್ನು ಸೊಂಟಕ್ಕೇರಿಸಿಕೊಂಡಳು. ಗೋಡೆಯಿದ್ದ ಕಡೆಗೆ ನೋಡಲಿಲ್ಲ.

ಕೊನೆಯ ದಿನ ಹೊಸ ಗ್ರಾಫ್ ಹಾಳೆಯಲ್ಲಿ ಅಂಗಳದ ನಕ್ಷೆ ಬರೆಯಲು ಕೂತೆ. ಅಪ್ಪ ಟೇಪಿನ ಒಂದು ತುದಿಯನ್ನು ತಾನೇ ಹಿಡಿದು ಎದ್ದ. ಹೊಂಡದ ಜಾಗಕ್ಕೆ ಒಂದು ಕಲ್ಲು ನೆಟ್ಟಿದ್ದೆವು. ನಾನು ಅಭ್ಯಾಸದಂತೆ ಮೆಟ್ಟಿಲಿನತ್ತ ನಡೆದೆ.

"ಅಲ್ಲಿಂದ ಬೇಡ" ಎಂದ ಅಪ್ಪ. "ಬಾವಿಯಿಂದ ಹಿಡಿ."